ಹೊಳೆಬಾಗಿಲಿನ ಆಚೆಯ ದಡ



ಸಿದ್ದಾಪುರ ತಾಲೂಕಿನ ತ್ಯಾಗಲಿಯ ಕಡೆ ಮಳೆಗಾಲದಲ್ಲಿ ನೀವು ಓಡಾಡಿದ್ದರೆ ‘ಸಂಕ’ ಎಂಬ ಪದವನ್ನು ನಿಮಗೆ ವಿವರಿಸಬೇಕಾಗಿಲ್ಲ. ಹಳ್ಳದ ಈ ದಡದಿಂದ ಆ ದಡಕ್ಕೆ ಎರಡು ಮೂರು ಅಡಿಕೆ ಮರಗಳನ್ನು ಅಡ್ಡ ಹಾಕಿ, ಬಳ್ಳಿಯಿಂದಲೋ ಹಗ್ಗದಿಂದಲೋ ಬಿಗಿದು, ಕೈ ಹಿಡಿಯಲು ಒಂದು ಬಿದಿರಿನ ಗಳವನ್ನು ಕಟ್ಟಿದರೆ ಅದೇ ಸಂಕ. ಮಳೆ ಹಿಡಿಯುವ ಮುನ್ನ ಊರವರು ಸೇರಿ ಅದನ್ನು ಹಾಕುತ್ತಾರೆ. ಮುಂದಿನ ವರ್ಷಕ್ಕೆ ಅದು ಉಳಿಯುವುದೆಂಬ ಭರವಸೆ ಯಾರಿಗೂ ಇರುವುದಿಲ್ಲ. ಹಳ್ಳ ತುಂಬಿ ಸಂಕ ಕೊಚ್ಚಿಹೋದರೆ ಆಚೆಯ ನಾಲ್ಕು ಮನೆಗಳು ನೀರಿಳಿಯುವವರೆಗೆ ದ್ವೀಪವಾಗುತ್ತವೆ. ಶಾಲೆ ಈಚೆ, ಮಗು ಆಚೆ. ಇದು ಹಳೆಯ ಕಾಲದ ಮಾತೆಂದು ತಿಳಿಯಬೇಡಿ. 2022ರ ಮಳೆಗಾಲದಲ್ಲಿ ನೆರೆಯ ಉಡುಪಿ ಜಿಲ್ಲೆಯ ಬೈಂದೂರು ತಾಲೂಕಿನಲ್ಲಿ ಶಾಲೆಯಿಂದ ಮನೆಗೆ ಮರಳುತ್ತಿದ್ದ ಪುಟ್ಟ ಬಾಲಕಿಯೊಬ್ಬಳು ಕಾಲುಸಂಕದಿಂದ ಜಾರಿ ಹಳ್ಳದ ಪಾಲಾದಳು.

ನಮ್ಮ ಉತ್ತರ ಕನ್ನಡದ ಕರಾವಳಿಯಲ್ಲಿ ನದಿಯ ನಡುಗಡ್ಡೆಗೆ ‘ಕುರ್ವೆ’ ಎನ್ನುತ್ತಾರೆ. ಮಾವಿನಕುರ್ವೆ, ಐಗಳಕುರ್ವೆ ಮುಂತಾದ ಹೆಸರುಗಳನ್ನು ನೀವು ಕೇಳಿರಬಹುದು. ನದಿ ತಾನೇ ತಂದ ಮಣ್ಣನ್ನು ತಾನೇ ಪೇರಿಸಿ ಮಾಡಿದ ಭೂಮಿ ಅದು. ದೋಣಿ ಹಾಯುವ ಜಾಗಕ್ಕೆ ‘ತಾರಿ’ ಎಂಬ ಹೆಸರಿದೆ. ಕುರ್ವೆಯ ಜನರು ತಲೆಮಾರುಗಳಿಂದ ತಾರಿಯನ್ನು ನಂಬಿ ಬದುಕಿದವರು. ನೀರು ಅವರ ಹುಟ್ಟಿನೊಡನೆಯೇ ಬಂದದ್ದು. ಆದರೆ ನಾನು ಇಂದು ಹೇಳಹೊರಟಿರುವ ದ್ವೀಪವನ್ನು ನದಿ ಮಾಡಲಿಲ್ಲ. ಅದನ್ನು ಮನುಷ್ಯರು, ಅದರಲ್ಲೂ ಸರಕಾರ, ನಕ್ಷೆ ಹಾಸಿಕೊಂಡು ಲೆಕ್ಕಹಾಕಿ ಮಾಡಿತು. ಅದಕ್ಕೊಂದು ಸೇತುವೆ ಬರಲು ಅರವತ್ತು ವರ್ಷಗಳಿಗೂ ಮಿಕ್ಕಿ ಹಿಡಿಯಿತು.

ಸಿದ್ದಾಪುರ ತಾಲೂಕು ಎರಡು ನದಿಗಳ ಸಂಗಡ ಬದುಕುವ ತಾಲೂಕು. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟುವ ಅಘನಾಶಿನಿ ಈ ತಾಲೂಕಿನ ಕಾಡುಗಳನ್ನು ಹಾದು, ಉಂಚಳ್ಳಿಯಲ್ಲಿ ಧುಮುಕಿ, ಕುಮಟೆಯ ಕಡೆಗೆ ಇಳಿಯುತ್ತದೆ. ಅದಕ್ಕೆ ಇಂದಿಗೂ ಒಂದು ಅಣೆಕಟ್ಟಿಲ್ಲ. ದಕ್ಷಿಣದ ಗಡಿಯಲ್ಲಿ ಶರಾವತಿ. ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಜೋಗದಲ್ಲಿ 253 ಮೀಟರ್ ಧುಮುಕಿ, ಹೊನ್ನಾವರದಲ್ಲಿ ಸಮುದ್ರ ಸೇರುವ ಆ ನದಿಯನ್ನು ಮತ್ತೆ ಮತ್ತೆ ಕಟ್ಟಿಹಾಕಲಾಗಿದೆ. ಒಂದೇ ತಾಲೂಕಿನ ಎರಡು ಬದಿಯಲ್ಲಿ ಹರಿಯುವ ಎರಡು ನದಿಗಳ ಹಣೆಬರಹ ಎಷ್ಟು ಬೇರೆ!

ಶರಾವತಿ ಹಿಂದೆ ಜನರನ್ನು ಬೇರ್ಪಡಿಸುವ ನದಿಯಾಗಿರಲಿಲ್ಲ, ದಾರಿಯಾಗಿತ್ತು. ಘಟ್ಟದ ಮೇಲಿನ ಕಾಳುಮೆಣಸು ಗೇರುಸೊಪ್ಪೆಗೆ ಇಳಿದು, ಅಲ್ಲಿಂದ ದೋಣಿಯಲ್ಲಿ ಹೊನ್ನಾವರಕ್ಕೆ ಸಾಗುತ್ತಿತ್ತು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆದದ್ದು ಸುಮ್ಮನೆ ಅಲ್ಲ. 1623ರಲ್ಲಿ ರೋಮ್ ನಗರದ ಯಾತ್ರಿಕ ಪಿಯೆತ್ರೊ ದೆಲ್ಲಾ ವಾಲೆ ಪೋರ್ಚುಗೀಸ್ ರಾಯಭಾರಿಯೊಬ್ಬನ ಸಂಗಡ ಹೊನ್ನಾವರದಿಂದ ಇದೇ ನದಿಯಲ್ಲಿ ದೋಣಿಯೇರಿ ಗೇರುಸೊಪ್ಪೆಗೆ ಬಂದು, ಘಟ್ಟ ಹತ್ತಿ, ಇಕ್ಕೇರಿಯಲ್ಲಿ ವೆಂಕಟಪ್ಪ ನಾಯಕನ ಆಸ್ಥಾನವನ್ನು ಕಂಡನು. ಆ ಪಯಣದ ಪತ್ರಗಳು ಇಂದಿಗೂ ಓದಲು ಸೊಗಸಾಗಿವೆ.

ಮುಂದೆ ನದಿ ಗಡಿಯಾಯಿತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ ಮೇಲೆ ಜೋಗದ ಒಂದು ದಡ ಮುಂಬಯಿಯದಾಯಿತು, ಇನ್ನೊಂದು ಮೈಸೂರಿನದು. 1956ರ ಏಕೀಕರಣದವರೆಗೆ ಸಿದ್ದಾಪುರದವರು ಸಾಗರಕ್ಕೆ ಹೋಗುವುದೆಂದರೆ ಲೆಕ್ಕಕ್ಕೆ ಬೇರೆ ರಾಜ್ಯಕ್ಕೆ ಹೋದಂತೆ. ಆದರೆ ಹೆಣ್ಣು ಕೊಡುವುದು, ತರುವುದು, ಹಬ್ಬಕ್ಕೆ ಕರೆಯುವುದು ಯಾವ ಪ್ರಾಂತದ ಅಪ್ಪಣೆಗೂ ಕಾಯಲಿಲ್ಲ. ನನಗೆ ಈ ಕಥೆಯ ಎಳೆ ಸಿಕ್ಕಿದ್ದೂ ಹಾಗೆಯೇ. ತ್ಯಾಗಲಿಯ ಬಳಿ ನನಗೆ ಪರಿಚಯವಾದ ಹಿರಿಯರೊಬ್ಬರ ತಾಯಿಯ ತವರು ಶರಾವತಿಯ ಆಚೆ, ಕರೂರು ಸೀಮೆಯಲ್ಲಿತ್ತು. ‘ಇತ್ತು’ ಎಂದೇ ಅವರು ಹೇಳುವುದು.

ಏನಾಯಿತೆಂದು ಸಂಕ್ಷೇಪವಾಗಿ ಹೇಳುತ್ತೇನೆ. ಜೋಗದ ನೀರಿನಿಂದ ವಿದ್ಯುತ್ ತೆಗೆಯಲು ಮೈಸೂರು ಸರಕಾರ ಮಡೆನೂರಿನ ಬಳಿ ಹಿರೇಭಾಸ್ಕರ ಅಣೆಕಟ್ಟನ್ನು ಕಟ್ಟಿತು. 1948ರಲ್ಲಿ ಜೋಗದ ವಿದ್ಯುದಾಗಾರ, ಇಂದಿನ ಮಹಾತ್ಮ ಗಾಂಧಿ ವಿದ್ಯುದಾಗಾರ, ಆರಂಭವಾಯಿತು. ಆಗಲೇ ಕೆಲವು ಊರುಗಳು ಮುಳುಗಿದವು. ನಾಡಿಗೆ ಇನ್ನಷ್ಟು ಬೆಳಕು ಬೇಕಾಯಿತು. ಕೆಳಗಡೆ ಲಿಂಗನಮಕ್ಕಿಯಲ್ಲಿ ಮತ್ತೊಂದು ದೊಡ್ಡ ಅಣೆಕಟ್ಟು ಎದ್ದು 1964ರಲ್ಲಿ ಪೂರ್ಣಗೊಂಡಿತು. ಅದರ ಪೂರ್ಣ ಮಟ್ಟ ಸಮುದ್ರದಿಂದ 1819 ಅಡಿ. ಹಿಡಿಯುವ ನೀರು 151 ಟಿಎಂಸಿಗೂ ಮಿಕ್ಕಿ. ಹಳೆಯ ಹಿರೇಭಾಸ್ಕರ ಅಣೆಕಟ್ಟೇ ಈ ನೀರಿನಲ್ಲಿ ಮುಳುಗಿಹೋಯಿತು. ಮಳೆ ಕೈಕೊಟ್ಟ ವರ್ಷ, ಬೇಸಿಗೆಯ ಕೊನೆಯಲ್ಲಿ ಹಿನ್ನೀರು ಇಳಿದಾಗ, ಆ ಅಣೆಕಟ್ಟು ಮತ್ತೆ ತಲೆಯೆತ್ತುತ್ತದೆ. ಜನರು ಜಾತ್ರೆಗೆ ಹೋದಂತೆ ಹೋಗಿ ಅದನ್ನು ನೋಡಿ ಬರುತ್ತಾರೆ. ಮೊದಲ ಮುಳುಗಡೆಯಲ್ಲಿ ಎದ್ದುಬಂದು ಮೇಲಿನ ಜಾಗದಲ್ಲಿ ಮನೆ ಕಟ್ಟಿಕೊಂಡ ಕೆಲವರು ಎರಡನೆಯ ಸಲವೂ ಏಳಬೇಕಾಯಿತು.

ಕಣಿವೆಯ ಗದ್ದೆ, ತೋಟ, ದೇವಸ್ಥಾನ, ಎತ್ತಿನಗಾಡಿಯ ದಾರಿ ಎಲ್ಲವೂ ನೀರಿನಡಿಗೆ ಹೋದವು. ಸಾವಿರಾರು ಕುಟುಂಬಗಳನ್ನು ಲಾರಿಗಳಲ್ಲಿ ತುಂಬಿ ಶಿವಮೊಗ್ಗ, ಹೊಸನಗರ, ತೀರ್ಥಹಳ್ಳಿಯ ಕಾಡುಗಳ ಅಂಚಿನಲ್ಲಿ ಇಳಿಸಲಾಯಿತು. ಪರಿಹಾರ ಸಿಕ್ಕಿದ್ದು ಕಾಗದದಲ್ಲಿ ಹೆಸರಿದ್ದವರಿಗೆ. ಗೇಣಿಗೆ ಗದ್ದೆ ಮಾಡುತ್ತಿದ್ದವರ ಹೆಸರು ಕಾಗದದಲ್ಲಿ ಎಲ್ಲಿತ್ತು? ನೆನಪಿಡಿ, ಇದು ಕಾಗೋಡು ಇರುವ ತಾಲೂಕು. 1951ರಲ್ಲಿ ಅಲ್ಲಿನ ದೀವರ ಗೇಣಿದಾರರು ಎಚ್. ಗಣಪತಿಯಪ್ಪನವರ ಮುಂದಾಳತ್ವದಲ್ಲಿ ಸತ್ಯಾಗ್ರಹ ಹೂಡಿದ್ದರು; ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾಗಿದ್ದರು. ‘ಉಳುವವನೇ ಹೊಲದೊಡೆಯ’ ಎಂಬ ಕಾನೂನು ಕರ್ನಾಟಕದಲ್ಲಿ ಬಲಗೊಂಡದ್ದು 1974ರಲ್ಲಿ. ಅಷ್ಟರಲ್ಲಿ ಶರಾವತಿ ಕಣಿವೆಯ ಎಷ್ಟೋ ಉಳುವವರ ಹೊಲ ನೀರಿನ ತಳ ಸೇರಿ ಹತ್ತು ವರ್ಷವಾಗಿತ್ತು.

ನೀರು ಎಲ್ಲವನ್ನೂ ಮುಳುಗಿಸಲಿಲ್ಲ. ನಡುವೆ ಎತ್ತರದ ನೆಲ ಉಳಿಯಿತು. ತುಮರಿ, ಬ್ಯಾಕೋಡು, ಕಳಸವಳ್ಳಿ ಮುಂತಾಗಿ ಸಾಗರ ತಾಲೂಕಿನ ಕರೂರು, ಬಾರಂಗಿ ಸೀಮೆಯ ಊರುಗಳು ಅವು. ಭೂಗೋಳದ ಮೇಷ್ಟರು ಇದನ್ನು ದ್ವೀಪವೆಂದು ಒಪ್ಪಲಿಕ್ಕಿಲ್ಲ, ಏಕೆಂದರೆ ಹಿಂದಿನಿಂದ ಘಟ್ಟದ ಕಾಡಿನ ದಾರಿಯೊಂದು ಹೊರಜಗತ್ತಿಗೆ ತಗುಲಿಕೊಂಡಿದೆ. ಆದರೆ ತಾಲೂಕು ಕಚೇರಿ, ಆಸ್ಪತ್ರೆ, ಕಾಲೇಜು, ಪೇಟೆ ಎಲ್ಲ ಇದ್ದದ್ದು ನೀರಿನಾಚೆಯ ಸಾಗರದಲ್ಲಿ. ರಸ್ತೆಯಲ್ಲೇ ಹೋಗುತ್ತೇವೆಂದರೆ ಸುಮಾರು 80 ಕಿಲೋಮೀಟರ್ ಬಳಸಬೇಕು. ಹಾಗಿರುವಾಗ ಅಲ್ಲಿನ ಜನ ತಮ್ಮ ನಾಡನ್ನು ದ್ವೀಪವೆಂದು ಕರೆದುಕೊಂಡರೆ ನಾವು ಭೂಗೋಳದ ಪುಸ್ತಕವನ್ನು ತೆರೆಯುವುದು ಬೇಡ.

ಅಂಬಾರಗೋಡ್ಲಿನ ಕಡೆಯ ದಡಕ್ಕೆ ‘ಹೊಳೆಬಾಗಿಲು’ ಎಂದು ಹೆಸರು. ಎಂಥ ಮಾತು ನೋಡಿ! ಮೊದಲು ದೋಣಿ, ಆಮೇಲೆ ಸರಕಾರದ ಲಾಂಚ್. ಜನ, ದನ, ಅಡಿಕೆ ಮೂಟೆ, ಗೊಬ್ಬರದ ಚೀಲ, ಕೊನೆಕೊನೆಗೆ ಬಸ್ಸನ್ನೇ ಹೊತ್ತು ಅದು ಹಿನ್ನೀರು ದಾಟುತ್ತಿತ್ತು. ಸಿಗಂದೂರಿನ ಚೌಡೇಶ್ವರಿ ದೇವಸ್ಥಾನಕ್ಕೆ ನಾಡಿನ ಮೂಲೆಮೂಲೆಗಳಿಂದ ಭಕ್ತರು ಬರತೊಡಗಿದ ಮೇಲೆ ಹೊಳೆಬಾಗಿಲಿನಲ್ಲಿ ವಾಹನಗಳ ಸಾಲು ಬೆಳೆಯಿತು. ಯಾತ್ರಿಕನಿಗೆ ಲಾಂಚಿನ ಪಯಣ ಒಂದು ಸೊಗಸು. ಅವನು ಫೋಟೋ ತೆಗೆಯುತ್ತಾನೆ. ಊರಿನವನಿಗೆ ಅದು ಗಡಿಯಾರ. ಸಂಜೆಯ ಕೊನೆಯ ಲಾಂಚ್ ಹೋದ ಮೇಲೆ ಬಾಗಿಲು ಮುಚ್ಚಿತು. ರಾತ್ರಿ ಹೆರಿಗೆ ನೋವು ಬಂದರೆ, ಹಾವು ಕಚ್ಚಿದರೆ, ಬೆಳಕು ಹರಿಯುವುದನ್ನು ಕಾಯಬೇಕು ಅಥವಾ ಕಾಡುದಾರಿ ಸುತ್ತಬೇಕು. ಬೇಸಿಗೆಯ ಕೊನೆಗೆ ನೀರು ತೀರ ಇಳಿದಾಗ ಲಾಂಚಿಗೆ ವಾಹನ ಹೇರುವುದನ್ನು ನಿಲ್ಲಿಸುತ್ತಿದ್ದರು. ನೀರು ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಕಷ್ಟ.

ಇನ್ನೊಂದು ವಿಪರ್ಯಾಸವಿದೆ. ಇವರ ಭೂಮಿಯ ಮೇಲೆ ನಿಂತ ನೀರಿನಿಂದ ಶರಾವತಿ ವಿದ್ಯುದಾಗಾರ 1965ರಿಂದ ನಾಡಿಗೆ ಬೆಳಕು ಕೊಡುತ್ತಿದೆ. ಅದರ ಸಾಮರ್ಥ್ಯ 1035 ಮೆಗಾವಾಟ್. ಬೆಂಗಳೂರಿನ ಬೀದಿದೀಪ ಉರಿಯುವಾಗ ಹಿನ್ನೀರಿನ ಹಳ್ಳಿಗಳು ಬಹುಕಾಲ ಚಿಮಣಿ ಬುಡ್ಡಿಯ ಬೆಳಕಿನಲ್ಲೇ ಊಟ ಮಾಡಿದವು. ಈಚಿನ ವರ್ಷಗಳಲ್ಲಿ ಅಲ್ಲಿನ ಯುವಕರು ಮೊಬೈಲ್ ಸಂಪರ್ಕಕ್ಕಾಗಿ ‘ನೆಟ್‌ವರ್ಕ್ ಇಲ್ಲದಿದ್ದರೆ ಓಟಿಲ್ಲ’ ಎಂದು ಚಳವಳಿ ಹೂಡಿದರು. ಪ್ರತಿಯೊಂದು ತಲೆಮಾರಿಗೂ ದಾಟಲು ಒಂದೊಂದು ಹೊಳೆ!

ಈ ಎಲ್ಲವನ್ನೂ ಹತ್ತಿರದಿಂದ ಕಂಡು ಬರೆದವರು ನಮ್ಮವರೇ ಆದ ನಾ. ಡಿಸೋಜರು. ಸಾಗರದಲ್ಲಿ 1937ರಲ್ಲಿ ಹುಟ್ಟಿದ ನಾರ್ಬರ್ಟ್ ಡಿಸೋಜ ಶರಾವತಿ ಯೋಜನೆಯ ಕಚೇರಿಯಲ್ಲಿ ನೌಕರರಾಗಿದ್ದರು. ಹಳ್ಳಿಗಳನ್ನು ಅಳೆಯುವ, ಎಬ್ಬಿಸುವ, ಮುಳುಗಿಸುವ ಕಾಗದಗಳು ಓಡಾಡಿದ ಲೋಕದಲ್ಲಿ ಕುಳಿತು, ಕಾಗದದಲ್ಲಿ ಇಲ್ಲದ್ದನ್ನು ಅವರು ನೋಡಿದರು. ‘ಮುಳುಗಡೆ’, ‘ದ್ವೀಪ’ ಎಂಬ ಕೃತಿಗಳು ಹುಟ್ಟಿದ್ದು ಹಾಗೆ. ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿಯವರು ಚಲನಚಿತ್ರ ಮಾಡಿದರು, ಅದಕ್ಕೆ ರಾಷ್ಟ್ರದ ಅತ್ಯುತ್ತಮ ಚಿತ್ರದ ಸ್ವರ್ಣಕಮಲ ದೊರೆಯಿತು. 2014ರಲ್ಲಿ ಮಡಿಕೇರಿಯ ಸಾಹಿತ್ಯ ಸಮ್ಮೇಳನಕ್ಕೆ ಡಿಸೋಜರೇ ಅಧ್ಯಕ್ಷರು. ಇಗರ್ಜಿಯ ಬೆಂಚಿನಲ್ಲಿ ಪಕ್ಕದಲ್ಲಿ ಕುಳಿತು ಪ್ರಾರ್ಥಿಸುವಂಥ ಸರಳ ಮನುಷ್ಯ, ಕನ್ನಡ ನಾಡಿನ ಒಂದು ದೊಡ್ಡ ನೋವಿಗೆ ಸಾಕ್ಷಿಯಾಗಿ ನಿಂತರೆಂಬುದು ನನಗೆ ಇಂದಿಗೂ ಸೋಜಿಗ. 2025ರ ಜನವರಿ 5ರಂದು ಅವರು ತೀರಿಕೊಂಡರು. ಸೇತುವೆ ಉದ್ಘಾಟನೆಯಾದದ್ದು ಅದೇ ವರ್ಷ ಜುಲೈ 14ರಂದು. ಆರು ತಿಂಗಳ ಅಂತರ.

ಆ ಸೇತುವೆಯ ವಿಷಯಕ್ಕೆ ಬರುವ ಮುನ್ನ ಒಂದು ಅಡ್ಡಮಾತು. ಗುರುಮಠದಲ್ಲಿ ನಮಗೆ ಲತೀನ್ ಕಲಿಸುವಾಗ ವಿಶ್ವಗುರುಗಳ ‘ಪೊಂತಿಫೆಕ್ಸ್’ ಎಂಬ ಬಿರುದಿನ ಅರ್ಥ ‘ಸೇತುವೆ ಕಟ್ಟುವವನು’ ಎಂದು ಹೇಳಿದ್ದರು. ಅದು ಕ್ರೈಸ್ತರು ಕಲ್ಪಿಸಿದ ಪದವಲ್ಲ, ಪುರಾತನ ರೋಮನ್ ಅರ್ಚಕರ ಪದವಿ. ವಾರೋ ಎಂಬ ರೋಮನ್ ಪಂಡಿತ ಅದನ್ನು ತಿಬೆರ್ ನದಿಯ ಮೇಲಿನ ಒಂದು ಹಳೆಯ ಸೇತುವೆಗೆ ತಳಕುಹಾಕಿದ್ದಾನೆ. ಆ ಸೇತುವೆ ಬರೀ ಮರದ್ದು, ಒಂದು ಕಬ್ಬಿಣದ ಮೊಳೆಯೂ ಇಲ್ಲದ್ದು. ಅದು ಕೆಟ್ಟಾಗ ಸರಿಪಡಿಸುವುದು ಅರ್ಚಕರ ಕರ್ತವ್ಯವಾಗಿತ್ತು. ತ್ಯಾಗಲಿಯ ಕಡೆ ಸಂಕ ಹಾಕುವುದನ್ನು ನೋಡಿದ ದಿನ ನನಗೆ ಈ ಪಾಠ ನೆನಪಾಗಿ ನಗು ಬಂತು. ಮಧ್ಯಯುಗದಲ್ಲೂ ಸೇತುವೆ ಕಟ್ಟುವುದು ಪುಣ್ಯಕಾರ್ಯವೆಂದೇ ಎಣಿಕೆ. ಫ್ರಾನ್ಸಿನ ಅವಿಞ್ಞೋನ್ ನಗರದಲ್ಲಿ ಬೆನೆಜೆ ಎಂಬ ಕುರಿಗಾಹಿ ಹುಡುಗನ ಹಟದಿಂದ ರೋನ್ ನದಿಗೆ ಸೇತುವೆ ಬಂತೆಂದು ಐತಿಹ್ಯ; 1177ರಿಂದ 1185ರವರೆಗೆ ಕಟ್ಟಿದರು. ಆ ಹುಡುಗ ಸಂತ ಬೆನೆಜೆಯಾದ. ಸೇತುವೆಯ 22 ಕಮಾನುಗಳಲ್ಲಿ ಇಂದು ಉಳಿದಿರುವುದು ನಾಲ್ಕೇ. ಉಳಿದುದನ್ನು ಯುದ್ಧವೂ ನೆರೆಯೂ ಒಯ್ದವು. ನದಿಯ ನಡುವೆ ಹೋಗಿ ನಿಂತುಬಿಡುವ ಸೇತುವೆ ಅದು. ನಮ್ಮ ಜಿಲ್ಲೆಗೂ ಅಂಥ ಎಚ್ಚರಿಕೆ ಸಿಕ್ಕಿದೆ. 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ನಾಲ್ಕು ದಶಕ ಹಳೆಯ ಸೇತುವೆ ಕುಸಿದು, ಒಂದು ಲಾರಿ ನದಿಗೆ ಬಿತ್ತು. ಚಾಲಕ ಬದುಕಿ ಬಂದದ್ದು ದೇವರ ದಯೆ.

ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವಿನ ಸೇತುವೆಗಾಗಿ ಹಿನ್ನೀರಿನ ಜನರು ದಶಕಗಟ್ಟಲೆ ಮನವಿ ಕೊಟ್ಟರು, ಪಾದಯಾತ್ರೆ ಮಾಡಿದರು, ಚುನಾವಣೆಯಿಂದ ಚುನಾವಣೆಗೆ ಭರವಸೆ ಪಡೆದರು. ಕಡೆಗೆ 2018ರ ಫೆಬ್ರವರಿಯಲ್ಲಿ ಕೇಂದ್ರ ಸಚಿವ ನಿತಿನ್ ಗಡ್ಕರಿಯವರು ಅಡಿಗಲ್ಲು ಇಟ್ಟರು. 2019ರ ಡಿಸೆಂಬರಿನಲ್ಲಿ ಕೆಲಸ ಶುರುವಾಯಿತು. ಉದ್ದ 2.44 ಕಿಲೋಮೀಟರ್, ಅಗಲ 16 ಮೀಟರ್, ವೆಚ್ಚ ಸುಮಾರು 470 ಕೋಟಿ ರೂಪಾಯಿ. ನಡುವಿನ ಭಾಗದಲ್ಲಿ ಎತ್ತರದ ಕಂಬಗಳಿಂದ ಇಳಿದ ಉಕ್ಕಿನ ಕೇಬಲ್‌ಗಳು ಸೇತುವೆಯ ಮೈಯನ್ನು ಎರಡೂ ಕಡೆಗೆ ಹಿಡಿದೆತ್ತಿವೆ. ಆಳವಾದ ನೀರಿನಲ್ಲಿ ಕಂಬಗಳನ್ನು ಒತ್ತೊತ್ತಾಗಿ ನೆಡುವುದು ಕಷ್ಟವಾದ್ದರಿಂದ ಈ ಉಪಾಯ: ಕಂಬಗಳ ನಡುವೆ ದೂರ ಹೆಚ್ಚು, ಭಾರವನ್ನು ಕೇಬಲ್ ಹಂಚಿಕೊಳ್ಳುತ್ತದೆ. ಮಳೆಗಾಲದಲ್ಲಿ ಏರುವ, ಬೇಸಿಗೆಯಲ್ಲಿ ಇಳಿಯುವ ಜಲಾಶಯದಲ್ಲಿ ಐದೂವರೆ ವರ್ಷ ಈ ಕೆಲಸ ಮಾಡಿದ ಕೂಲಿಗಳಿಗೆ ಯಾವ ಫಲಕದಲ್ಲೂ ಹೆಸರಿಲ್ಲ. ನನಗೆ ಅವರನ್ನು ನೆನೆಯದೆ ಮುಂದೆ ಹೋಗಲು ಮನಸ್ಸಿಲ್ಲ. ಉದ್ಘಾಟನೆಯ ದಿನ ಆಮಂತ್ರಣದ ವಿಷಯವಾಗಿ ಕೇಂದ್ರಕ್ಕೂ ರಾಜ್ಯಕ್ಕೂ ಮನಸ್ತಾಪವೆದ್ದು, ಮುಖ್ಯಮಂತ್ರಿ ಸಿದ್ಧರಾಮಯ್ಯನವರು ಸಮಾರಂಭಕ್ಕೆ ಬರಲಿಲ್ಲ. ಎರಡು ದಡಗಳನ್ನು ಕೂಡಿಸುವ ದಿನ ಎರಡು ಸರಕಾರಗಳು ಒಂದೇ ವೇದಿಕೆಯಲ್ಲಿ ಕೂಡಲಿಲ್ಲ. ಅರವತ್ತು ವರ್ಷ ಕಾದ ಜನರಿಗೆ ಇದರಿಂದ ಏನೂ ಅನ್ನಿಸಿರಲಿಕ್ಕಿಲ್ಲ. ಅವರು ನಡೆದೇ ಸೇತುವೆ ದಾಟಿ ನೋಡುವ ಆತುರದಲ್ಲಿದ್ದರು.

ಮಳೆ ಕಡಿಮೆಯಾದ ಮೇಲೆ ಒಂದು ದಿನ ಆ ಹಿರಿಯರೊಂದಿಗೆ ನಾನೂ ಹೋದೆ. ಸಿದ್ದಾಪುರದಿಂದ ತಾಳಗುಪ್ಪ, ಸಾಗರ, ಅಲ್ಲಿಂದ ಹೊಳೆಬಾಗಿಲು. ಅವರಿಗೆ ಈಗ ಎಪ್ಪತ್ತು ದಾಟಿದೆ. ನೀರು ಬಂದಾಗ ಹತ್ತು ವರ್ಷದ ಹುಡುಗ. ಅಜ್ಜನ ಮನೆಯ ಬಾಗಿಲು, ಕಿಟಕಿ, ತೊಲೆಗಳನ್ನು ಬಿಚ್ಚಿ ಗಾಡಿಗೆ ಹೇರಿದ್ದು ಅವರಿಗೆ ನೆನಪಿದೆ. ದಾರಿಯುದ್ದಕ್ಕೂ ಮಾತನಾಡುತ್ತಿದ್ದವರು ಸೇತುವೆಯ ಮೇಲೆ ವಾಹನ ಏರಿದ ಕೂಡಲೆ ಸುಮ್ಮನಾದರು. ಎರಡೂ ಬದಿಗೆ ಹಸಿರು ಗುಡ್ಡ, ಬಿಳಿಯ ಕೇಬಲ್‌ಗಳು, ಕೆಳಗೆ ಕದಡದ ನೀರು. ಇಷ್ಟು ಸುಂದರವಾದ ನೋಟವನ್ನು ನಾನು ಮಲೆನಾಡಿನಲ್ಲಿ ಹೆಚ್ಚು ಕಂಡಿಲ್ಲ. ನಾನು ಏನೋ ಹೊಗಳಿಕೆಯ ಮಾತು ಹೇಳಿದೆ. ಅವರು ಎಡಗಡೆಯ ನೀರನ್ನು ನೋಡುತ್ತ, “ಸೇತುವೆ ಬಂತು ಫಾದರ್, ಬಹಳ ಒಳ್ಳೇದಾಯ್ತು. ಆದರೆ ನಾವು ಹೋಗಬೇಕಾದ ಮನೆ ಆ ದಡದಲ್ಲಿಲ್ಲ, ಇದರ ಕೆಳಗಿದೆ” ಎಂದರು. ನಾಲ್ಕೈದು ನಿಮಿಷದಲ್ಲಿ ನಾವು ಕಳಸವಳ್ಳಿಯಲ್ಲಿದ್ದೆವು.

ಓದುಗರೇ, ಸೇತುವೆಯ ವಿರುದ್ಧ ಮಾತನಾಡುವವನಲ್ಲ ನಾನು. ತುಮರಿಯ ಗರ್ಭಿಣಿಯೊಬ್ಬಳು ಈಗ ಯಾವ ಹೊತ್ತಿಗಾದರೂ ಸಾಗರದ ಆಸ್ಪತ್ರೆಗೆ ತಲುಪಬಲ್ಲಳು ಎಂಬ ಒಂದೇ ಕಾರಣ ಸಾಕು. ಆದರೆ ದಾರಿ ಎರಡೂ ಕಡೆಗೆ ತೆರೆದಿರುತ್ತದೆ. ಹೆದ್ದಾರಿ ಬಂದ ಹಿಂದೆಯೇ ಜಾಗ ಕೊಳ್ಳುವವರು, ರೆಸಾರ್ಟ್ ಕಟ್ಟುವವರು ಬರುತ್ತಾರೆ. ಹಿನ್ನೀರಿನ ಸುತ್ತಣ ಕಾಡು ಸಿಂಹಬಾಲದ ಸಿಂಗಳೀಕದ ಕೊನೆಯ ನೆಲೆಗಳಲ್ಲಿ ಒಂದು. ಮುಳುಗಡೆಯವರನ್ನು ತಂದಿಳಿಸಿದ ಕಾಡಿನ ನೆಲಕ್ಕೆ ಇಂದಿಗೂ ಎಷ್ಟೋ ಜನರಿಗೆ ಹಕ್ಕುಪತ್ರವಿಲ್ಲ. ಕೇಂದ್ರದ ಒಪ್ಪಿಗೆಯಿಲ್ಲದೆ ರಾಜ್ಯ ಸರಕಾರ ಹೊರಡಿಸಿದ ಅಧಿಸೂಚನೆಗಳು ಹೈಕೋರ್ಟಿನಲ್ಲಿ ಬಿದ್ದುಹೋದವು. ಅರವತ್ತು ವರ್ಷದಿಂದ ಉಳುತ್ತಿರುವವನು ಅರಣ್ಯ ಇಲಾಖೆಯ ಲೆಕ್ಕದಲ್ಲಿ ಒತ್ತುವರಿದಾರ. ಶೆಟ್ಟಿಹಳ್ಳಿ ಅಭಯಾರಣ್ಯದ ಒಳಗೆ ಸಿಕ್ಕಿಕೊಂಡ ಮುಳುಗಡೆ ಕುಟುಂಬಗಳು ರಸ್ತೆಗೂ ವಿದ್ಯುತ್ತಿಗೂ ಅರ್ಜಿ ಹಿಡಿದು ಅಲೆದ ಕಥೆಯೇ ಬೇರೊಂದು ಲೇಖನವಾದೀತು. ಅವರ ಸುತ್ತ ನೀರಿಲ್ಲ. ಆದರೂ ಅದು ದ್ವೀಪವೇ. ಅದಕ್ಕೆ ಬೇಕಾದ ಸೇತುವೆಯನ್ನು ಎಂಜಿನಿಯರುಗಳು ಕಟ್ಟಲಾರರು. ಇದರ ನಡುವೆ ಶರಾವತಿಯ ನೀರನ್ನು ಕೆಳಗಿನಿಂದ ಮೇಲಕ್ಕೆ ಪಂಪ್ ಮಾಡಿ ಮತ್ತೆ ಇಳಿಸಿ 2000 ಮೆಗಾವಾಟ್ ವಿದ್ಯುತ್ ತೆಗೆಯುವ ಹೊಸ ಯೋಜನೆಗೆ ಕಣಿವೆಯಲ್ಲಿ ಪ್ರತಿರೋಧ ಎದ್ದಿದೆ. ‘ನಾಡಿಗಾಗಿ ತ್ಯಾಗ’ ಎಂಬ ಮಾತು ಮತ್ತೆ ಕೇಳಿಬರುತ್ತಿದೆ. ತ್ಯಾಗ ಎನ್ನುವುದು ತಾನಾಗಿ ಕೊಡುವುದು. ಕಿತ್ತುಕೊಂಡದ್ದಕ್ಕೆ ಆ ಹೆಸರಿಡುವುದು ಸಲ್ಲದೆಂದು ನನಗೆ ತೋರುತ್ತದೆ. ತ್ಯಾಗಲಿಯ ಹೆಸರಿಗೂ ಆ ಪದಕ್ಕೂ ನಂಟಿದೆಯೆಂದು ನಾನು ವಾದಿಸುವುದಿಲ್ಲ. ಆದರೆ ಆ ದಿನ ಮರಳಿ ಬರುವಾಗ ಊರಿನ ಹೆಸರು ಕಿವಿಗೆ ಬೇರೆಯಾಗಿಯೇ ಕೇಳಿಸಿತು.

ಕಳಸವಳ್ಳಿಯ ದಡದಲ್ಲಿ ನಾವು ಸ್ವಲ್ಪ ಹೊತ್ತು ಇಳಿದಿದ್ದೆವು. ಹಳೆಯ ಲಾಂಚಿನ ಕಟ್ಟೆಯ ಬಳಿ ಈಗ ಜನರಿಲ್ಲ. ಸರದಿಯಲ್ಲಿ ನಿಂತವರಿಗೆ ಚಹಾ, ಮಂಡಕ್ಕಿ, ಸೌತೆಕಾಯಿ ಮಾರಿ ಬದುಕಿದವರು ವಾಹನಗಳ ಹಿಂದೆ ಬೇರೆಡೆಗೆ ಹೋಗಿದ್ದಾರೆ. ಸೇತುವೆ ಒಬ್ಬರಿಗೆ ಕೊಟ್ಟದ್ದನ್ನು ಇನ್ನೊಬ್ಬರ ಕೈಯಿಂದ ತೆಗೆದುಕೊಂಡಿದೆ. ಎಲ್ಲ ಸೇತುವೆಗಳೂ ತಾರಿಯವನಿಗೆ ಹೀಗೆಯೇ ಮಾಡುತ್ತವೆ. ಹಿರಿಯರು ಚಪ್ಪಲಿ ಕಳಚಿ ನೀರಿನಲ್ಲಿ ಕಾಲಿಟ್ಟು ನಿಂತರು, ಬೊಗಸೆಯಲ್ಲಿ ನೀರೆತ್ತಿ ಮುಖಕ್ಕೆ ಹಾಕಿಕೊಂಡರು. “ಇನ್ನು ಹೊರಡೋಣ, ಕತ್ತಲಾಗುತ್ತದೆ” ಎಂದವರು, ಒಡನೆಯೇ ತಮ್ಮ ಮಾತಿಗೆ ತಾವೇ ನಕ್ಕರು. ಕತ್ತಲಾದರೆ ಈಗ ಏನೂ ತೊಂದರೆಯಿಲ್ಲ. ಆದರೂ ನಾವು ಬೇಗನೆ ಹೊರಟೆವು. ತ್ಯಾಗಲಿ ತಲುಪುವಾಗ ಕತ್ತಲಾಗಿತ್ತು. ಅವರ ಮನೆಯ ಕೆಳಗಿನ ಹಳ್ಳದ ಸಂಕವನ್ನು ಟಾರ್ಚಿನ ಬೆಳಕಿನಲ್ಲಿ ನಾವಿಬ್ಬರೂ ಒಬ್ಬರ ಹಿಂದೆ ಒಬ್ಬರು ದಾಟಿದೆವು.